ಬೀಗರ ವಿಮಾನದ ಎಡ ಬ್ರೇಕು

ತಪ್ಪು ಹುಡುಕುವುದು ನನ್ನ ಕೆಟ್ಟ ಚಟ ಎಂದು ನನ್ನ ಹೆಂಡತಿ ಬಂಗಾರೆವ್ವ ಹೇಳುತ್ತಾಳೆ. ಚಟವಲ್ಲ, ಅದು ನನ್ನ ನೌಕರಿ ಎಂದು ನಾನು ಹೇಳುತ್ತೇನೆ. ಹುಬ್ಬಳ್ಳಿಯ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ನಾನು ಮಾಡಿದ್ದು ಇದೊಂದೇ ಕೆಲಸ. ಬೆಳಿಗ್ಗೆ ಎದ್ದು ಬಸ್ಸಿನ ಕೆಳಗೆ ತಲೆ ಹಾಕುವುದು, ತಪ್ಪು ಹುಡುಕುವುದು, ಆಮೇಲೆ ಡ್ರೈವರನ ಮೇಲೋ ಮೆಕ್ಯಾನಿಕ್ಕನ ಮೇಲೋ ಹರಿಹಾಯುವುದು. ಅದಕ್ಕೇ ಸಂಬಳ ಕೊಟ್ಟರು, ನಿವೃತ್ತಿಯ ದಿನ ಅದನ್ನೇ ಹೊಗಳಿ ಶಾಲು ಹೊದಿಸಿದರು. ಈಗ ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ನ ಮಗನ ಮನೆಯಲ್ಲಿ ಕೂತಿದ್ದೇನೆ ಎಂದ ಮಾತ್ರಕ್ಕೆ ಕಣ್ಣು ಕಾಣುವುದು ನಿಲ್ಲುವುದಿಲ್ಲ.

ಕಳೆದ ಫೆಬ್ರವರಿಯಲ್ಲಿ ಮಗ ಕಿರಣಕುಮಾರನ ನಿಶ್ಚಿತಾರ್ಥವಾಯಿತು. ಹುಡುಗಿ ಹರಿಪ್ರಿಯಾ ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಆದರೆ ಕೊಡುವ ಉತ್ತರ ಸರಿಯಾಗಿರುತ್ತದೆ. ಅವಳ ತಂದೆ ರಘೋತ್ತಮರಾಯರು ಮೈಸೂರಿನವರು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಔಷಧದ ಲ್ಯಾಬಿನಲ್ಲಿ ವಿಜ್ಞಾನಿ. ಮನೆ ಫಾಸ್ಟರ್ ಸಿಟಿಯಲ್ಲಿ, ಹಿತ್ತಿಲಿಗೆ ಇಳಿದರೆ ಲಗೂನು, ಅಂದರೆ ಕೊಲ್ಲಿಯ ಹಿನ್ನೀರು. ನಿಶ್ಚಿತಾರ್ಥದ ದಿನ ಆ ಮನೆಯಲ್ಲಿ ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಗರಾಜಿನ ಬಾಗಿಲಿನ ಸ್ಪ್ರಿಂಗು ಸವೆದಿದೆ, ಇನ್ನೊಂದು ತಿಂಗಳಲ್ಲಿ ಯಾರದೋ ತಲೆ ಒಡೆಯುತ್ತದೆ ಎಂದೆ. ಹಿತ್ತಿಲಿನ ಕಟಕಟೆ ಭದ್ರವಿಲ್ಲ ಎಂದು ಹತ್ತು ಜನರ ಮುಂದೆ ಅಲ್ಲಾಡಿಸಿ ತೋರಿಸಿದೆ. ಊಟಕ್ಕೆ ಕೂತಾಗ ಸಾರಿಗೆ ಬೆಲ್ಲ ಜಾಸ್ತಿಯಾಯಿತು ಎಂದೆ. ಬೀಗತಿ ರಮಾ ಅವರ ಮುಖದ ನಗೆ ಮಾಸಲಿಲ್ಲ, ಆದರೆ ಪಾಯಸ ಬಡಿಸುತ್ತ ಬಂದವರು ನನ್ನ ಎಲೆ ದಾಟಿ ಮುಂದೆ ಹೋದರು.

ಮನೆಗೆ ಮರಳುವಾಗ ನಲವತ್ತೈದು ಮೈಲಿ ಫ್ರೀವೇ ಉದ್ದಕ್ಕೂ ಮಗ ಒಂದು ಮಾತೂ ಆಡಲಿಲ್ಲ. ನಮ್ಮ ಎಕ್ಸಿಟ್ ಬಂದಾಗ ಮಾತ್ರ ಹೇಳಿದ. "ಅಪ್ಪಾ, ಅವರು ನನ್ನ ಅತ್ತಿ ಮಾವ ಆಗಾವ್ರು. ಅದು ನಿಮ್ಮ ಡಿಪೋ ಅಲ್ಲ." ಅವನ ಕಣ್ಣಲ್ಲಿ ನೀರಿತ್ತು. ಮೂವತ್ತೊಂದು ವರ್ಷದ ಮಗ ನನ್ನಿಂದಾಗಿ ಅಳುವುದನ್ನು ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು. ಮರುದಿನ ಸ್ನಾನ ಮುಗಿಸಿ ಬಂದ ನನ್ನನ್ನು ಬಂಗಾರೆವ್ವ ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದಳು. ಮದುವೆ ಮುಗಿಯುವ ತನಕ ಬೀಗರ ಕಡೆಯ ಯಾವುದಕ್ಕೂ ಹೆಸರಿಡಬಾರದು. "ಏನ ಕೊಟ್ರೂ ಚಲೋ ಐತಿ ಅನ್ರಿ, ಎಲ್ಲಿ ಕರದ್ರೂ ಹೂಂ ಅನ್ರಿ. ಅಷ್ಟ ಮಾಡ್ರಿ ಸಾಕು," ಎಂದಳು.

ಮೂರು ತಿಂಗಳು ಅಷ್ಟೇ ಮಾಡಿದೆ. ನಾನು ಸಾರನ್ನು ಎಷ್ಟು ಹೊಗಳಿದೆನೆಂದರೆ ಬೀಗತಿ ಡಬ್ಬಿಯಲ್ಲಿ ಹಾಕಿ ಕಳಿಸತೊಡಗಿದರು.

ಮೇ ತಿಂಗಳ ಒಂದು ಭಾನುವಾರ ಊಟದ ಮೇಲೆ ರಘೋತ್ತಮರಾಯರು ಸ್ವಲ್ಪ ಸಂಕೋಚದಿಂದ ತಮ್ಮ ವಿಮಾನದ ಸುದ್ದಿ ತೆಗೆದರು. ಎರಡು ವರ್ಷದ ಹಿಂದೆ ಪೈಲಟ್ ಲೈಸೆನ್ಸ್ ತೆಗೆದುಕೊಂಡಿದ್ದರಂತೆ. ಇನ್ನಿಬ್ಬರು ಗೆಳೆಯರ ಜೊತೆ ಪಾಲಿನಲ್ಲಿ ನಾಲ್ಕು ಸೀಟಿನ ಹಳೆಯ ವಿಮಾನವೊಂದನ್ನು ಇಟ್ಟುಕೊಂಡಿದ್ದರು. ಆದರೆ ಇಷ್ಟು ದಿನದಲ್ಲಿ ಪರಿಚಯದ ಒಬ್ಬ ಕನ್ನಡಿಗನೂ ಅದನ್ನು ಹತ್ತಿರಲಿಲ್ಲ. ಒಬ್ಬರಿಗೆ ಸೈನಸ್ಸು, ಒಬ್ಬರಿಗೆ ಏಕಾದಶಿ, ಒಬ್ಬರಿಗೆ ಅದೇ ದಿನ ಮಗಳ ಭರತನಾಟ್ಯ ಕ್ಲಾಸು. ರಮಾ ಅವರೇ ಮಗಳ ಮದುವೆ ಆಗಲಿ, ಆಮೇಲೆ ನೋಡೋಣ ಎಂದು ಮುಂದಕ್ಕೆ ಹಾಕಿದ್ದರು. ರಾಯರು ಇದನ್ನೆಲ್ಲ ತಮಾಷೆಯಾಗಿ ಹೇಳಿ ನಕ್ಕರು. ನಕ್ಕ ಮೇಲೆ ನನ್ನ ಮುಖ ನೋಡಿದರು. "ನೀವೊಂದು ಸಲ ಬರ್ತೀರಾ ಬೀಗರೇ?"

ನನಗೆ ಎತ್ತರವೆಂದರೆ ಆಗುವುದಿಲ್ಲ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತರೂ ಗೋಡೆಗೆ ಅಂಟಿಕೊಳ್ಳುತ್ತೇನೆ. ಬಂಗಾರೆವ್ವ ಮೇಜಿನ ಕೆಳಗೆ ನನ್ನ ಕಾಲು ಒತ್ತಿದಳು. ಧಾರಾಳವಾಗಿ ಬರುತ್ತೇನೆ ಎಂದೆ. ರಾಯರ ಮುಖ ಅರಳಿದ್ದು ನೋಡಿ ನನಗೂ ಒಂದು ಕ್ಷಣ ಖುಷಿಯಾಯಿತು, ಆ ಖುಷಿ ಅಂದಿನ ಸಂಜೆಗೇ ಇಳಿದುಹೋಯಿತು.

ಮುಂದಿನ ಶನಿವಾರ ಬೆಳಿಗ್ಗೆ ಕೊಲ್ಲಿಯ ದಂಡೆಯ ಸಣ್ಣ ಏರ್‌ಪೋರ್ಟಿಗೆ ನಾಲ್ವರೂ ಹೋದೆವು. ಒಂದೇ ರನ್‌ವೇ, ಎರಡೂ ಬದಿಗೆ ಜೌಗು, ಅದರಾಚೆ ನೀರು. ವಿಮಾನ ಬಿಳಿಯದು, ಗಾತ್ರದಲ್ಲಿ ನಮ್ಮ ಡಿಪೋದ ಜೀಪಿಗೆ ರೆಕ್ಕೆ ಹಚ್ಚಿದಂತಿತ್ತು. ಬೀಗರು ಮೊದಲ ಬಾರಿಗೆ ಕೂರುತ್ತಾರೆ ಎಂದು ರಮಾ ಅವರು ಪೂಜೆಯ ತಟ್ಟೆಯನ್ನೇ ತಂದಿದ್ದರು. ಪ್ರೊಪೆಲ್ಲರಿಗೆ ಹೂವು ಏರಿಸಿದರು. ಆಮೇಲೆ ಅದನ್ನು ತೆಗೆಯಬೇಕು ಎಂದು ರಾಯರು ಹೇಳಿದ ಮೇಲೆ ತೆಗೆದರು. ಬಟ್ಟಲಲ್ಲಿ ಕುಂಕುಮ ಕಲಸಿ ಮೂರೂ ಗಾಲಿಗೆ ಧಾರಾಳವಾಗಿ ಬಳಿದರು. ಪಕ್ಕದ ವಿಮಾನ ತೊಳೆಯುತ್ತಿದ್ದ ಅಮೆರಿಕನ್ ಮುದುಕ ಪೈಪು ಹಿಡಿದುಕೊಂಡೇ ಇದನ್ನೆಲ್ಲ ನೋಡಿದ. ಅವನ ಷೂ ಪೂರ್ತಿ ನೆನೆದುಹೋಯಿತು.

ಬೀಗತಿಯರಿಬ್ಬರೂ ಬೇಲಿಯಾಚೆ ಹೋಗಿ ನಿಂತರು. ರಾಯರು ಒಂದು ಪಟ್ಟಿ ಹಿಡಿದುಕೊಂಡು ವಿಮಾನದ ಸುತ್ತ ಪರೀಕ್ಷೆ ಶುರುಮಾಡಿದರು. ಅವರು ಮಾಡುತ್ತಿದ್ದ ರೀತಿ ನನಗೆ ಹಿಡಿಸಿತು. ಎಣ್ಣೆ ನೋಡಿದರು, ಪೆಟ್ರೋಲು ಸೋಸಿ ನೋಡಿದರು, ರೆಕ್ಕೆಯ ಒಂದೊಂದು ಮೊಳೆಯನ್ನೂ ಮುಟ್ಟಿದರು. ಎಡ ಗಾಲಿಯ ಹತ್ತಿರ ಬಂದಾಗ ಬಗ್ಗಿ ನೋಡಿದರು. ಗಾಲಿಯ ಒಳಬದಿಯಲ್ಲಿ ಕೆಂಪು ಹಸಿ ಇತ್ತು. ಹೊರಬದಿಯಲ್ಲೂ ಕೆಂಪು ಹಸಿಯೇ ಇತ್ತು, ಅದು ಈಗ ತಾನೇ ಬಳಿದ ಕುಂಕುಮ. ರಾಯರು ಭಕ್ತಿಯಿಂದ ಒಮ್ಮೆ ಕೈ ಮುಗಿದು ಮುಂದಿನ ಗಾಲಿಗೆ ಹೋದರು.

ನಾನು ಹಿಂದೆಯೇ ಬರುತ್ತಿದ್ದವನು ಅಭ್ಯಾಸಬಲದಿಂದ ಕುಕ್ಕರುಗಾಲಲ್ಲಿ ಕೂತೆ. ನನಗೂ ಮೊದಲು ಕುಂಕುಮವೆಂದೇ ಅನಿಸಿತು. ಆದರೂ ಬೆರಳು ಹಚ್ಚಿದೆ. ಜಿಡ್ಡು ಹತ್ತಿತು. ಮೂಸಿ ನೋಡಿದೆ. ಆ ವಾಸನೆಯ ಕುಂಕುಮವನ್ನು ಯಾವ ಊರಲ್ಲೂ ಮಾರುವುದಿಲ್ಲ. ಅದು ಬ್ರೇಕ್ ಆಯಿಲ್, ಹನಿಹನಿಯಾಗಿ ಸೋರುತ್ತಿತ್ತು.

ಎದ್ದು ನಿಂತೆ, ಬಾಯಿಯನ್ನೂ ತೆರೆದೆ. ಬೇಲಿಯಾಚೆ ಬಂಗಾರೆವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಕುಕ್ಕರುಗಾಲಲ್ಲಿ ಕೂತು ಏಳುವುದನ್ನು ಅವಳು ನಲವತ್ತು ವರ್ಷ ನೋಡಿದ್ದಾಳೆ, ಎದ್ದ ಮೇಲೆ ಏನಾಗುತ್ತದೆ ಎಂದು ಅವಳಿಗೆ ಗೊತ್ತು. ಅಷ್ಟು ದೂರದಿಂದಲೇ ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ರಾಯರು ನನ್ನ ಕಡೆ ತಿರುಗಿ, ಗಾಡಿ ಹೇಗಿದೆ ಬೀಗರೇ, ನೀವು ಹೇಳಿದರೆ ನನಗೆ ಸರ್ಟಿಫಿಕೇಟ್ ಇದ್ದ ಹಾಗೆ ಎಂದರು.

"ಭಾಳ ಚಲೋ ಐತ್ರಿ," ಎಂದೆ. ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡೆ.

ಆ ವಿಮಾನಕ್ಕೆ ಬಾಗಿಲು ಒಂದೇ, ಅದೂ ಬಲಬದಿಯ ಸೀಟಿನ ಕಡೆ. ಪೈಲಟ್ ಮೊದಲು ಹತ್ತಿ ಆಚೆ ಸರಿಯಬೇಕು, ಆಮೇಲೆ ಪ್ರಯಾಣಿಕ. ಬೀಗರಿಗಿಂತ ಮೊದಲು ಹತ್ತಬೇಕಾಗಿ ಬಂದದ್ದಕ್ಕೆ ರಾಯರು ಮೂರು ಸಲ ಕ್ಷಮೆ ಕೇಳಿದರು. ರನ್‌ವೇ ಕಡೆ ಹೊರಟಾಗ ಬ್ರೇಕು ಒತ್ತಿ ನೋಡಿದರು, ಹಿಡಿಯಿತು. ಹಿಡಿಯಿತಲ್ಲ, ಸೋರಿಕೆ ಸಣ್ಣದು, ನಾನೇ ಅತಿ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಡಿಪೋದಲ್ಲಿ ಇದೇ ಮಾತನ್ನು ಬೇರೆಯವನು ಹೇಳಿದ್ದರೆ ಅವನಿಗೆ ಅವತ್ತು ಊಟ ಸೇರುತ್ತಿರಲಿಲ್ಲ.

ಮೇಲೆ ಹೋದ ಮೇಲೆ ಎತ್ತರದ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಅದಕ್ಕೆ ಜಾಗವೇ ಇರಲಿಲ್ಲ. ಕೆಳಗೆ ಉಪ್ಪಿನ ಮಡಿಗಳು ಒಂದು ಹಸಿರು, ಒಂದು ಇಟ್ಟಿಗೆ ಬಣ್ಣ ಎಂದು ಹಾಸಿದ್ದವು. ಸೇತುವೆಯ ಮೇಲೆ ಕಾರುಗಳು ತೆವಳುತ್ತಿದ್ದವು. ರಾಯರು ಕಿವಿಯ ಹೆಡ್‌ಫೋನಿನಲ್ಲಿ ಹೇಳುತ್ತ ಒಂದೊಂದನ್ನೇ ತೋರಿಸುತ್ತಿದ್ದರು, ಅಲ್ಲಿ ನನ್ನ ಲ್ಯಾಬು, ಇಲ್ಲಿ ನಮ್ಮ ಲಗೂನು, ಆ ಕೆಂಪು ಹೆಂಚಿನ ಪಕ್ಕದ್ದು ನಮ್ಮ ಮನೆ. ಎಲ್ಲಕ್ಕೂ ನಾನು ಭಾಳ ಚಲೋ ಐತ್ರಿ ಎಂದೆ. ಆಕಾಶದಲ್ಲಿ ಬ್ರೇಕು ಬೇಕಾಗುವುದಿಲ್ಲ, ಅದೊಂದೇ ಸಮಾಧಾನ. ಆದರೆ ಇಡೀ ದಿನ ಮೇಲೆಯೇ ಇರಲು ಆಗುವುದಿಲ್ಲವಲ್ಲ.

ನನಗೆ ಸಿದ್ಧಾರೂಢ ಎಂಬ ಡ್ರೈವರನ ನೆನಪಾಯಿತು. ಮದುವೆ ದಿಬ್ಬಣದ ಬಸ್ಸು ಒಯ್ದಿದ್ದ, ಬ್ರೇಕ್ ಸೋರುವುದು ಕಂಡಿದ್ದರೂ ಸುಮ್ಮನಿದ್ದ. ಬಸ್ಸು ಕುಂದಗೋಳದ ಹತ್ತಿರ ಹೊಲಕ್ಕೆ ನುಗ್ಗಿತು. ಯಾಕೆ ಹೇಳಲಿಲ್ಲವೋ ಎಂದು ಕೇಳಿದರೆ, ಮದುಮಗ ಕೂತಿದ್ದ ಸಾಹೇಬ್ರ, ಅಪಶಕುನ ಅನಿಸೀತು ಎಂದು ಸುಮ್ಮನಾದೆ ಎಂದ. ನಾನು ಅವನನ್ನು ಒಂದು ತಿಂಗಳು ಮನೆಗೆ ಕಳಿಸಿದ್ದೆ. ಈಗ ಮೂರು ಸಾವಿರ ಅಡಿ ಮೇಲೆ ಆ ಸಿದ್ಧಾರೂಢನ ಜಾಗದಲ್ಲಿ ನಾನೇ ಕೂತಿದ್ದೆ.

ಇನ್ನು ತಡೆಯಲಾಗಲಿಲ್ಲ. ಆಣೆಯೂ ಮುರಿಯಬಾರದು, ಮಾತೂ ತಲುಪಬೇಕು ಎಂದು ಯೋಚಿಸಿ, ಇಂಥ ವಿಮಾನದ ಬ್ರೇಕುಗಳು ಹೇಗಿರುತ್ತವೆ ಎಂದು ಸುಮ್ಮನೆ ತಿಳಿದುಕೊಳ್ಳುವವನಂತೆ ಕೇಳಿದೆ. ರಾಯರಿಗೆ ಬಹಳ ಸಂತೋಷವಾಯಿತು. ಡಿಸ್ಕು, ಪೈಪು, ಪೆಡಲು ಎಂದು ಹತ್ತು ನಿಮಿಷ ವಿವರಿಸಿದರು. ನಮ್ಮವು ಹೇಗಿವೆ ಎಂದು ಮತ್ತೆ ಕೇಳಿದೆ. ಫಸ್ಟ್ ಕ್ಲಾಸ್ ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. "ಎರಡು ವರ್ಷದಿಂದ ಆ ಸೀಟಲ್ಲಿ ನನ್ನ ಬ್ಯಾಗ್ ಇಟ್ಕೊಂಡು ಹಾರ್ತಾ ಇದೀನಿ ಬೀಗರೇ. ಇವತ್ತು ಪಕ್ಕಕ್ಕೆ ತಿರುಗಿದ್ರೆ ಮನುಷ್ಯರು ಕಾಣ್ತಾ ಇದಾರೆ."

ಇದಾದ ಮೇಲೆ ನಿಮ್ಮ ಬ್ರೇಕು ಸೋರುತ್ತಿದೆ ಎಂದು ಹೇಗೆ ಹೇಳುವುದು? ನಾನು ಹೇಳಲಿಲ್ಲ. ಹೇಳಬೇಕಿತ್ತು, ಹೇಳಲಿಲ್ಲ.

ಇಳಿಯುವಾಗ ಗಾಲಿಗಳು ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ ಇಳಿಸಿದರು. ಆಮೇಲೆ ಎರಡೂ ಪೆಡಲು ಒತ್ತಿದರು. ಬಲ ಗಾಲಿ ಮಾತ್ರ ಹಿಡಿಯಿತು. ವಿಮಾನ ಸರಕ್ಕನೆ ಬಲಕ್ಕೆ ತಿರುಗಿತು, ರಾಯರು ಎಡ ಪೆಡಲನ್ನು ಪಂಪಿನ ಹಾಗೆ ತುಳಿದರು, ಅದು ಪೊಳ್ಳಾಗಿ ಒಳಗೆ ಹೋಯಿತು. ರನ್‌ವೇ ಅಂಚು ಬಂತು, ಹುಲ್ಲು ಬಂತು, ಒಂದು ಫಲಕ ರೆಕ್ಕೆಗೆ ಬಡಿದು ಬಿತ್ತು, ಆಮೇಲೆ ಜೌಗು ಬಂತು. ವಿಮಾನ ಮೂಗನ್ನು ಕೆಸರಿಗೆ ಊರಿ, ಬಾಲ ಎತ್ತಿ, ನಿಂತಿತು. ಪ್ರೊಪೆಲ್ಲರು ಸೊಟ್ಟಗಾಯಿತು. ಹತ್ತು ಮಾರು ದೂರದಲ್ಲಿ ಒಂದು ಬೆಳ್ಳಕ್ಕಿ ನಮ್ಮನ್ನು ನೋಡಿ ಹಾರಲೋ ಬೇಡವೋ ಎಂದು ಯೋಚಿಸಿ, ಬೇಡವೆಂದು ನಿರ್ಧರಿಸಿತು.

ಇಬ್ಬರಿಗೂ ಏನೂ ಆಗಿರಲಿಲ್ಲ. ಅದನ್ನು ಖಚಿತ ಮಾಡಿಕೊಂಡ ಮೇಲೆ ರಾಯರು ಬೆವರು ಒರೆಸಿಕೊಂಡು, ತಕ್ಷಣ ಇಳಿಯಬೇಕು, ಪೆಟ್ರೋಲು ಇದೆ ಎಂದರು. ನೀವು ಮೊದಲು ಇಳಿಯಿರಿ ಎಂದೆ. ಇಲ್ಲ, ತಾವು ಮೊದಲು ಎಂದರು. ಇಂಥ ಹೊತ್ತಿನಲ್ಲಿ ಬೀಗರನ್ನು ಒಳಗೆ ಬಿಟ್ಟು ನಾನು ಹೇಗೆ ಇಳಿಯಲಿ ಎಂದೆ. ಅವರು ಕೈ ಮುಗಿದರು. ನಾನೂ ಕೈ ಮುಗಿದೆ. ಕೊನೆಗೆ ರಾಯರು, "ಬೀಗರೇ, ಬಾಗಿಲು ಒಂದೇ ಇರೋದು, ಅದು ನಿಮ್ಮ ಕಡೆ ಇದೆ," ಎಂದು ಜ್ಞಾಪಿಸಿದರು. ಆಗ ಇಳಿದೆ. ಮೊಣಕಾಲವರೆಗೆ ಕೆಸರು ಹಿಡಿಯಿತು.

ಫೈರ್ ಎಂಜಿನ್ ಬಂತು, ಬೆಂಕಿ ಇಲ್ಲವೆಂದು ನೋಡಿ ನಿಂತುಕೊಂಡಿತು. ಅದರ ಹಿಂದೆ ಜೀಪಿನಲ್ಲಿ ಏರ್‌ಪೋರ್ಟಿನ ಅಧಿಕಾರಿ ಬಂದಳು, ಐವತ್ತರ ಹೆಂಗಸು, ಹಳದಿ ಅಂಗಿ, ಕೈಯಲ್ಲಿ ಬರೆದುಕೊಳ್ಳುವ ಹಲಗೆ. ಬೀಗತಿಯರನ್ನೂ ಅವಳೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದಳು. ರಮಾ ಅವರು ಗಂಡನ ತಲೆ, ಕೈ, ಬೆನ್ನು ಎಲ್ಲ ಮುಟ್ಟಿ ನೋಡಿದರು. ಬಂಗಾರೆವ್ವ ನನ್ನನ್ನು ಮುಟ್ಟಲಿಲ್ಲ. ಅವಳು ನನ್ನ ಮುಖ ನೋಡಿದಳು, ಆಗಲೇ ಅವಳಿಗೆ ಏನೋ ಗೊತ್ತಾಯಿತು.

ಅಧಿಕಾರಿ ಬಗ್ಗಿ ಎಡ ಗಾಲಿ ನೋಡಿದಳು. ಈಗ ಅದರ ಒಳಬದಿಯೆಲ್ಲ ಕೆಂಪಾಗಿ ತೊಯ್ದಿತ್ತು. ಹೊರಡುವ ಮೊದಲು ಇದನ್ನು ನೋಡಲಿಲ್ಲವೇ ಎಂದು ರಾಯರನ್ನು ಇಂಗ್ಲಿಷಿನಲ್ಲಿ ಕೇಳಿದಳು. ನೋಡಿದೆ, ನನ್ನ ಹೆಂಡತಿ ಪೂಜೆಗೆ ಹಚ್ಚಿದ ಬಣ್ಣ ಎಂದುಕೊಂಡೆ ಎಂದು ರಾಯರು ಹೇಳಿದರು. ಅವಳು ಪೆನ್ನು ಎತ್ತಿ, ಮತ್ತೊಮ್ಮೆ ಹೇಳಿ ಎಂದಳು. ರಾಯರು ಮತ್ತೊಮ್ಮೆ ಹೇಳಿದರು. ಇಂಗ್ಲಿಷಿನಲ್ಲಿ ಅದು ಎರಡನೆಯ ಸಲ ಇನ್ನೂ ಕೆಟ್ಟದಾಗಿ ಕೇಳಿಸಿತು. ಅವಳು ನಗಲಿಲ್ಲ, ಬರೆದುಕೊಂಡು ಫೋಟೊ ತೆಗೆಯಲು ಹೋದಳು.

ರಾಯರು ಹುಲ್ಲಿನ ಮೇಲೆ ಕೂತುಬಿಟ್ಟರು. "ಕಣ್ಣಾರೆ ನೋಡ್ದೆ ಬೀಗರೇ. ಒಂದು ಬೆರಳು ಹಚ್ಚಿ ನೋಡ್ಲಿಲ್ಲ. ನನ್ನ ನಂಬಿ ನೀವು ಕೂತ್ರಿ, ನಾನು ನಿಮ್ಮನ್ನ ಕೊಂದೇಬಿಡ್ತಿದ್ದೆ. ಮುಗೀತು, ಇನ್ನು ನಾನು ಹಾರಲ್ಲ. ನನಗೆ ಆ ಯೋಗ್ಯತೆ ಇಲ್ಲ."

ಸದ್ಯ ಬುದ್ಧಿ ಬಂತಲ್ಲ ಎಂದು ರಮಾ ಅವರು ಕಣ್ಣೊರೆಸಿಕೊಂಡರು. ನನಗೆ ನಿಂತಲ್ಲೇ ನಿಲ್ಲಲಾಗಲಿಲ್ಲ. ಒಂದು ಮಾತೂ ಆಡದೆ ನಾನು ಮನೆಗೆ ಹೋಗಬಹುದಿತ್ತು. ಆಣೆ ಉಳಿಯುತ್ತಿತ್ತು, ಮಗನ ಮದುವೆ ಸುಸೂತ್ರವಾಗುತ್ತಿತ್ತು, ಬೀಗರು ಜೀವಮಾನವಿಡೀ ನನಗೆ ತಲೆ ತಗ್ಗಿಸಿಕೊಂಡು ಇರುತ್ತಿದ್ದರು. ಆದರೆ ಈ ಮನುಷ್ಯ ತಮ್ಮ ಒಂದೇ ಒಂದು ಸಂತೋಷವನ್ನು ನನ್ನ ತಪ್ಪಿಗಾಗಿ ಬಿಟ್ಟುಕೊಡುತ್ತಿದ್ದರು. ಬಂಗಾರೆವ್ವ ನನ್ನ ತೋಳು ಹಿಡಿದಳು. ಬಿಡಿಸಿಕೊಂಡೆ.

"ನಾ ಹಚ್ಚಿ ನೋಡಿದ್ದೆ," ಎಂದೆ.

ರಾಯರಿಗೆ ಅರ್ಥವಾಗಲಿಲ್ಲ.

"ಬೆರಳು. ಹತ್ತೂಕಿಂತ ಮೊದಲ. ಆಯಿಲ್ ಅಂತ ನನಗ ಗೊತ್ತಿತ್ತು."

ಕರ್ಚೀಫು ತೆಗೆದು ತೋರಿಸಿದೆ. ರಾಯರು ಅದನ್ನು ನೋಡಿದರು, ನನ್ನನ್ನು ನೋಡಿದರು, ನಿಧಾನವಾಗಿ ಎದ್ದು ನಿಂತರು. ಗೊತ್ತಿದ್ದೂ ಹತ್ತಿ ಕೂತಿರಾ ಎಂದು ಕೇಳಿದರು. ಹೌದು ಎಂದೆ. ಯಾಕೆ ಎಂದರು. ನೀವು ಬೀಗರು, ಹೆಸರಿಟ್ಟ ಹಾಗಾಗುತ್ತದೆ ಎಂದು ಸುಮ್ಮನಿದ್ದೆ ಎಂದೆ.

ಆ ಮೃದು ಮನುಷ್ಯ ಅಷ್ಟು ಜೋರಾಗಿ ಕೂಗಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ರಮಾ ಅವರಿಗೂ ಗೊತ್ತಿರಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದರು. "ತಲೆ ಸರಿ ಇದೆಯೇನ್ರೀ ನಿಮಗೆ? ನಮ್ಮನೆ ಸಾರಿಗೆ ಬೆಲ್ಲ ಜಾಸ್ತಿ ಅಂತ ಐವತ್ತು ಜನರ ಮುಂದೆ ಹೇಳೋಕೆ ಬಾಯಿತ್ತು, ಬ್ರೇಕ್ ಸೋರ್ತಿದೆ ಅಂತ ಹೇಳೋಕೆ ಇರ್ಲಿಲ್ವಾ? ನೀವು ಸತ್ತಿದ್ರೆ ನನ್ನ ಮಗಳಿಗೆ ಏನಂತ ಹೇಳ್ಬೇಕಿತ್ತು ನಾನು?" ಫೈರ್ ಎಂಜಿನ್ನಿನವರು ನಮ್ಮ ಕಡೆ ತಿರುಗಿ ನಿಂತರು. ರಾಯರು ಇನ್ನೂ ಬಹಳ ಹೇಳಿದರು. ಒಂದು ಮಾತೂ ಸುಳ್ಳಿರಲಿಲ್ಲ. ನಾನು ಸಿದ್ಧಾರೂಢ ನಿಂತಿದ್ದ ಹಾಗೆಯೇ ಕೈ ಕಟ್ಟಿ ನಿಂತು ಎಲ್ಲವನ್ನೂ ಕೇಳಿದೆ. ವಿಚಿತ್ರವೆಂದರೆ, ಬೈಸಿಕೊಳ್ಳುತ್ತ ಹೋದ ಹಾಗೆ ಎದೆ ಹಗುರಾಯಿತು.

ಅವರಿಗೆ ಉಸಿರು ಕಟ್ಟಿದಾಗ ನನ್ನ ಪಾಳಿ ಬಂತು. "ಅಂದಿದ್ದೆಲ್ಲಾ ಖರೇ. ಆದ್ರ ಒಂದ ಮಾತ ಕೇಳ್ರಿ. ಮೂವತ್ನಾಕ್ ವರ್ಷ ಬ್ರೇಕ್ ನೋಡಿದಾವಾ ನಾ. ನನ್ನ ಕಣ್ಣಿಗೂ ಅದು ಮೊದಲ ಕುಂಕುಮನ ಕಂಡಿತ್ತು. ಮೂಸಿ ನೋಡಿದ ಮ್ಯಾಲೆ ತಿಳೀತು. ನಿಮ್ಮ ಕಣ್ಣಿಂದೇನು ತಪ್ಪಿಲ್ಲ. ನೀವು ಹಾರೂದು ಬಿಡಬ್ಯಾಡ್ರಿ."

ರಾಯರ ಮುಖ ಇನ್ನೂ ಕೆಂಪಗಿತ್ತು. ಮಗನ ಮದುವೆ ಇಲ್ಲೇ, ಈ ಕೆಸರಿನಲ್ಲೇ ಮುರಿಯಿತು ಎಂದುಕೊಂಡೆ. ಬಂಗಾರೆವ್ವ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು.

ಅಷ್ಟರಲ್ಲಿ ಅಧಿಕಾರಿ ಫೋಟೊ ಮುಗಿಸಿಕೊಂಡು ಬಂದು, ನನ್ನ ಹೆಸರು ಬರೆದುಕೊಂಡು, ಇವರು ನಿಮಗೆ ಏನಾಗಬೇಕು ಎಂದು ರಾಯರನ್ನು ಕೇಳಿದಳು. ರಾಯರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಮೆಕ್ಯಾನಿಕ್ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಲೈಸೆನ್ಸ್ ಇದೆಯೇ ಎಂದಳು. ಇಲ್ಲಿಯದು ಇಲ್ಲ ಎಂದೆ. ಹಾಗಾದರೆ ಪ್ರಯಾಣಿಕ ಎಂದು ಬರೆಯುತ್ತೇನೆ ಎಂದಳು. ಏನಾದರೂ ಬರೆದುಕೊಳ್ಳಿ, ಇವರು ಬೆರಳು ಹಚ್ಚಿ ನೋಡದೆ ಇನ್ನು ನಾನು ಹಾರುವುದಿಲ್ಲ ಎಂದರು ರಾಯರು.

ಮೂರು ತಿಂಗಳಲ್ಲಿ ನಾನು ಮಾಡಿದ ಹೊಗಳಿಕೆಗೆಲ್ಲ ಸಿಗದ ಮರ್ಯಾದೆ ಅದು. ನಾನು ಬಂಗಾರೆವ್ವನ ಕಡೆ ನೋಡಿದೆ. ಅವಳು ಸೆರಗು ಇಳಿಸಿ, ಹೂಂ, ಅದೇನಿದೆ ಹೇಳಿಬಿಡಿ ಎನ್ನುವ ಹಾಗೆ ಕೈ ಬೀಸಿದಳು.

"ಹಂಗಾದ್ರ ಇನ್ನೊಂದು ಹೇಳ್ತೇನ್ರಿ," ಎಂದೆ. "ಬ್ರೇಕ್ ಅಷ್ಟ ಅಲ್ಲ. ನೀವು ಗಾಲಿ ನೆಲಕ್ಕ ಹಚ್ಚಿದ್ದು ಭಾಳ ಮುಂದಾತು. ಅರ್ಧಾ ರನ್‌ವೇ ಹಿಂದ ಬಿಟ್ಟಿದ್ರಿ."

ರಾಯರ ಮುಖ ಮತ್ತೆ ಬಿಗಿಯಿತು. ತಿರುಗಿ ರನ್‌ವೇಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಆಮೇಲೆ ಅಧಿಕಾರಿಯ ಪೆನ್ನು ಕೇಳಿ ತೆಗೆದುಕೊಂಡು, ಜೇಬಿನಿಂದ ತಮ್ಮ ಪರೀಕ್ಷೆಯ ಪಟ್ಟಿ ತೆಗೆದು ಬರೆದುಕೊಳ್ಳಲು ಸಿದ್ಧರಾಗಿ, ಎಷ್ಟು ಮುಂದಾಯಿತು ಎಂದು ಕೇಳಿದರು.